ಯಾರನ್ನು ಕರೆದೊಯ್ಯುವುದು?

ಕನ್ನಡದಲ್ಲಿ ‘ಬಾಸ್’ ಎಂದರೆ ಈಗ ಅಭಿಮಾನಿಗಳು ನೆಚ್ಚಿನ ನಟನನ್ನು ಕೂಗುವ ಹೆಸರು. ವಿಡಿಯೋ ಗೇಮಿನಲ್ಲಿ ಅರ್ಥ ಉಲ್ಟಾ: ದಾರಿಯ ಕೊನೆಯಲ್ಲಿ ಕಾದು ನಿಂತ, ಸೋಲಿಸಲೇಬೇಕಾದ ಎದುರಾಳಿ. ಅವನ ಮುಂದೆ ಹೋಗುವ ಮೊದಲು ಮೊಬೈಲ್ ಪರದೆಯ ಮೇಲೆ ನಾಲ್ಕೋ ಆರೋ ಖಾಲಿ ಚೌಕಗಳು ಮೂಡುತ್ತವೆ. ಯಾರನ್ನು ಕರೆದೊಯ್ಯುವುದು? ಈ ಪ್ರಶ್ನೆಗೆ ಐವತ್ತು ವರ್ಷಗಳ ಚರಿತ್ರೆಯಿದೆ. ಆರಿಸುವ ಹಕ್ಕು ಯಾರ ಕೈಯಿಂದ ಯಾರ ಕೈಗೆ ಜಾರಿತು ಎಂಬುದು ಆ ಚರಿತ್ರೆಯ ಮುಖ್ಯ ಕಥೆ ಎಂದು ನನಗನ್ನಿಸುತ್ತದೆ.

ಎಪ್ಪತ್ತರ ದಶಕದ ನಡುವಿನಲ್ಲಿ ಅಮೆರಿಕದ ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಬರೆದ ‘ಡಿಎನ್‌ಡಿ’ ಆಟದಲ್ಲಿ ಚಿನ್ನದ ಡ್ರ್ಯಾಗನ್ ಒಂದು ಗೋಳವನ್ನು ಕಾಯುತ್ತಿತ್ತು. ಆಡುವವನು ಅಲ್ಲಿಗೆ ಒಬ್ಬನೇ ಹೋಗಬೇಕಿತ್ತು. ತಂಡದ ಕಲ್ಪನೆ ಬಂದದ್ದು ಕಾಗದ, ದಾಳಗಳ ಆಟದಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಕಾದಾಳು, ಮಾಂತ್ರಿಕ, ಪಾದ್ರಿ ಎಂಬ ಮೂರು ವರ್ಗಗಳಿದ್ದವು. ಒಬ್ಬನ ಕೊರತೆಯನ್ನು ಇನ್ನೊಬ್ಬ ತುಂಬುತ್ತಿದ್ದ. ಒಂದೊಂದು ಪಾತ್ರದ ಹಿಂದೆ ಒಬ್ಬೊಬ್ಬ ಮನುಷ್ಯ ಇರುತ್ತಿದ್ದುದರಿಂದ, ಮೇಜಿನ ಸುತ್ತ ಕೂತ ಗೆಳೆಯರೇ ತಂಡ.

1981ರ ‘ವಿಝಾರ್ಡ್ರಿ’ ಆ ಗೆಳೆಯರನ್ನೆಲ್ಲ ಒಬ್ಬನ ಕೈಗೆ ಕೊಟ್ಟಿತು. ಆರು ಜನ. ಮುಂದಿನ ಮೂವರು ಕತ್ತಿ ಬೀಸಬಲ್ಲರು, ಹಿಂದಿನ ಮೂವರಿಗೆ ಮಂತ್ರವೇ ಗತಿ. ಪೆಟ್ಟಿಗೆಗಳಲ್ಲಿ ಬಲೆ ಇರುವುದರಿಂದ ಒಬ್ಬ ಕಳ್ಳನೂ ಬೇಕು. ತಂಡವೆಲ್ಲ ಸತ್ತರೆ ಹೆಣಗಳು ನೆಲಮಾಳಿಗೆಯಲ್ಲೇ ಉಳಿಯುತ್ತಿದ್ದವು. ತರಲು ಇನ್ನೊಂದು ತಂಡ ಕಟ್ಟಿ ಇಳಿಯಬೇಕಿತ್ತು. ಹತ್ತನೆಯ ಅಂತಸ್ತಿನಲ್ಲಿ ಕಾಯುತ್ತಿದ್ದ ಬಾಸ್‌ನ ಹೆಸರು ವೆರ್ಡ್ನಾ. ಆ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಓದಿದರೆ ಆಂಡ್ರ್ಯೂ, ಅಂದರೆ ಆಟ ಬರೆದ ಇಬ್ಬರಲ್ಲೊಬ್ಬರಾದ ಆಂಡ್ರ್ಯೂ ಗ್ರೀನ್‌ಬರ್ಗ್! 1987ರಲ್ಲಿ ಜಪಾನಿನ ‘ಫೈನಲ್ ಫ್ಯಾಂಟಸಿ’ ಶುರುವಿನಲ್ಲೇ ಆರು ವರ್ಗಗಳಿಂದ ನಾಲ್ವರನ್ನು ಆರಿಸಿಕೊಳ್ಳಿ ಎಂದಿತು, ಆಮೇಲೆ ಬದಲಾವಣೆಗೆ ಅವಕಾಶವಿಲ್ಲ. ನಾಲ್ವರೂ ಗಾಯ ಮಾಗಿಸುವ ಬಿಳಿ ಮಾಂತ್ರಿಕರೇ ಆದರೂ ತಡೆಯುವವರಿಲ್ಲ, ಕಷ್ಟ ನಿಮ್ಮದು. ಆಟ ಕೊಂಡ ಎಲ್ಲರಿಗೂ ಅದೇ ಆರು ವರ್ಗಗಳು ಸಿಗುತ್ತಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು.

2012ರ ಫೆಬ್ರವರಿಯಲ್ಲಿ ಗಂಗ್‌ಹೋ ಕಂಪನಿಯ ‘ಪಝಲ್ ಅಂಡ್ ಡ್ರ್ಯಾಗನ್ಸ್’ ಬಂದಾಗ ಈ ಸಮಾನತೆ ಮುರಿಯಿತು. ಆಟ ಉಚಿತ. ಐದು ಪ್ರಾಣಿಗಳು ನಿಮ್ಮವು, ಆರನೆಯದು ಬೇರೊಬ್ಬ ಆಟಗಾರನಿಂದ ಕಡ. ಬೆಂಕಿ ಮರವನ್ನು, ಮರ ನೀರನ್ನು, ನೀರು ಬೆಂಕಿಯನ್ನು ಮಣಿಸುತ್ತದೆ. ಬೆಳಕು ಕತ್ತಲೆಗಳು ಪರಸ್ಪರ ಶತ್ರುಗಳು. ನಿಮ್ಮ ನಾಯಕ ಬೆಂಕಿಯ ಪೆಟ್ಟನ್ನು ಇಮ್ಮಡಿ ಮಾಡಿ, ಕಡ ತಂದ ನಾಯಕನೂ ಇಮ್ಮಡಿ ಮಾಡಿದರೆ ಒಟ್ಟು ನಾಲ್ಕು ಪಟ್ಟು. ತಂಡ ಕಟ್ಟುವುದು ಗುಣಾಕಾರವಾಯಿತು. ಆದರೆ ಗುಣಿಸಲು ಬೇಕಾದ ನಾಯಕ ನಿಮ್ಮ ಬಳಿ ಇರಬೇಕಲ್ಲ? ಅದು ‘ಗಾಚಾ’ದಿಂದ ಬರಬೇಕು. ಜಪಾನಿನಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಆಟಿಕೆ ಉದುರಿಸುವ ಯಂತ್ರದ ಸದ್ದಿನಿಂದ ಬಂದ ಹೆಸರಿದು.

ಅದೇ ವರ್ಷ ಮೇ ತಿಂಗಳಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ, ಗಾಚಾದಿಂದ ಒಂದಿಡೀ ಸೆಟ್ ಕೂಡಿಸಿದವರಿಗೆ ವಿಶೇಷ ಬಹುಮಾನ ಕೊಡುವ ‘ಕಂಪ್ಲೀಟ್ ಗಾಚಾ’ ಕಾನೂನುಬಾಹಿರ ಎಂದಿತು. ಸಾಮಾನ್ಯ ಗಾಚಾ ಉಳಿಯಿತು. 2017ರಿಂದ ಚೀನಾ ಯಾವುದು ಸಿಗುವ ಸಂಭವ ಎಷ್ಟೆಂದು ಪ್ರಕಟಿಸಲೇಬೇಕೆಂದಿತು. ನನ್ನ ಮಟ್ಟಿಗೆ ಇದು ಅರ್ಧ ನ್ಯಾಯ: ಸೋಲುವ ಲೆಕ್ಕ ಮೊದಲೇ ತಿಳಿಸಿ ಸೋಲಿಸುವುದು.

2020ರ ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಐದು ನಕ್ಷತ್ರದ ಪಾತ್ರ ಒಂದು ಎಳೆತಕ್ಕೆ ಸಿಗುವ ಮೂಲ ಸಂಭವ ಶೇ. 0.6, ತೊಂಬತ್ತು ಎಳೆತದೊಳಗೆ ಒಂದು ಖಾತರಿ. ಅದರ ‘ಸ್ಪೈರಲ್ ಅಬಿಸ್’ನ ಮೇಲಿನ ಅಂತಸ್ತುಗಳಲ್ಲಿ ನಾಲ್ವರ ಎರಡು ತಂಡಗಳು ಬೇಕು. ದುಡ್ಡಿದ್ದವರ ಆಟ ಎಂದುಕೊಳ್ಳುವಷ್ಟರಲ್ಲಿ ಚೀನೀ ಆಟಗಾರರು ‘ರಾಷ್ಟ್ರೀಯ ತಂಡ’ ಎಂಬ ಜೋಡಣೆಯನ್ನು ಪ್ರಸಿದ್ಧಗೊಳಿಸಿದರು. ಶಿಯಾಂಗ್‌ಲಿಂಗ್, ಶಿಂಗ್‌ಚಿಯು, ಬೆನೆಟ್, ಜೊತೆಗೆ ಚೊಂಗ್‌ಯುನ್. ಎಲ್ಲರೂ ನಾಲ್ಕು ನಕ್ಷತ್ರದವರು. ಶಿಂಗ್‌ಚಿಯು ಶತ್ರುವನ್ನು ನೀರಿನಿಂದ ತೋಯಿಸುತ್ತಾನೆ, ಅದರ ಮೇಲೆ ಶಿಯಾಂಗ್‌ಲಿಂಗಳ ಬೆಂಕಿ ಬಿದ್ದರೆ ಆವಿಯೆದ್ದು ಪೆಟ್ಟು ಹೆಚ್ಚುತ್ತದೆ. ಬೆನೆಟ್ ಹಾಕುವ ವೃತ್ತದೊಳಗೆ ನಿಂತವರ ಗಾಯ ಮಾಗಿ, ಬಲ ಏರುತ್ತದೆ. ಕಥೆಯಲ್ಲಿ ಈ ಬೆನೆಟ್ ಹುಟ್ಟಾ ದುರದೃಷ್ಟವಂತ. ಅಡುಗೆಯವಳಾದ ಶಿಯಾಂಗ್‌ಲಿಂಗಳನ್ನಂತೂ ಅದೇ ಅಬಿಸ್‌ನ ಮೂರನೆಯ ಅಂತಸ್ತು ದಾಟಿದವರಿಗೆ ಆಟವೇ ಬಿಟ್ಟಿಯಾಗಿ ಕೊಡುತ್ತದೆ.