ಜಯಲಕ್ಷ್ಮಿ ವಿಲಾಸ: ಅರಮನೆಯಲ್ಲಿ ಕಂಡ ನಮ್ಮ ಹಳ್ಳಿ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಮೈಸೂರು ಪ್ರವಾಸಕ್ಕೆ ಕರೆದೊಯ್ದಿದ್ದರು. ಅಂಬಾವಿಲಾಸ ಅರಮನೆ, ಮೃಗಾಲಯ ನೋಡಿಕೊಂಡು ಸಂಜೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸಕ್ಕೆ ಹೋದೆವು. ಆ ದೊಡ್ಡ ಕಂಬಗಳ ಮನೆಯೊಳಗೆ ಸಿಂಹಾಸನ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ನೇಗಿಲು, ಕೊಳಗ, ತೊಗಲುಬೊಂಬೆ! "ಇವೆಲ್ಲ ನಮ್ಮ ಅಟ್ಟದ ಮೇಲೂ ಇವೆಯಲ್ಲ ಸಾರ್" ಎಂದೆ. ಮೇಷ್ಟ್ರು ನಕ್ಕು, "ಹಾಗಾದರೆ ಜೋಪಾನ ಮಾಡು" ಎಂದರು.

ಕುಕ್ಕರಹಳ್ಳಿ ಕೆರೆಯ ಬಳಿಯ ದಿಬ್ಬದ ಮೇಲಿರುವ ಈ ಸೌಧವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಹಿರಿಯ ಸಹೋದರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದರು. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು.

ಸೌಧದಲ್ಲಿ ಮೂರು ಭಾಗಗಳು, 125 ಕೊಠಡಿಗಳು, 300 ಕಿಟಕಿಗಳು, 287 ಕೆತ್ತನೆಯ ಬಾಗಿಲುಗಳಿವೆ. ಮುಂಭಾಗದ ಜೋಡಿ ಕಂಬಗಳು ಯುರೋಪಿನ ಮಾದರಿಯವು. ಒಳಗಿನ ಕಲ್ಯಾಣ ಮಂಟಪದ ಮರಗೆಲಸ ನಮ್ಮ ನಾಡಿನದು. ಅದರ ಮೇಲೆ ಬಣ್ಣದ ಗಾಜಿನ ಗುಮ್ಮಟ. ಇಷ್ಟು ವೈಭವವಿದ್ದರೂ ಗೋಡೆ ಮಾತ್ರ ಇಟ್ಟಿಗೆ ಮತ್ತು ಮಣ್ಣಿನದೇ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ ಅದರ ಸೂರು. ಗಾರೆ ಬಿರುಕು ಬಿಟ್ಟರೆ ನೀರು ಇಳಿಯುತ್ತದೆ, ತೊಲೆ ಕೊಳೆಯುತ್ತದೆ. ಅರಮನೆಯಾದರೂ ಮಳೆಗೆ ಭೇದವಿಲ್ಲ.

ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಸ್ನಾತಕೋತ್ತರ ಶಿಕ್ಷಣಕ್ಕಾಗಿ ಪಡೆಯಿತು. 1960ರ ದಶಕದ ಕೊನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ರಾಜಕುಮಾರಿಯ ಮನೆಗೆ ರೈತರ, ಕಲಾವಿದರ ಬದುಕಿನ ವಸ್ತುಗಳು ಗೌರವದಿಂದ ಪ್ರವೇಶಿಸಿದವು. ಕಾಲಕ್ರಮೇಣ ಶಿಥಿಲವಾದ ಕಟ್ಟಡವನ್ನು 2000ದ ದಶಕದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರ ಮಾಡಲಾಯಿತು. ಆಮೇಲೂ ಮತ್ತೆ ದುರಸ್ತಿ ಬೇಕಾಯಿತು. ಹಳೆಯ ಕಟ್ಟಡಕ್ಕೆ ಒಮ್ಮೆ ದುಡ್ಡು ಸುರಿದರೆ ಸಾಲದು, ಪ್ರತಿ ಮಳೆಗಾಲಕ್ಕೂ ಮುನ್ನ ಯಾರಾದರೂ ಸೂರು ಹತ್ತಿ ನೋಡಬೇಕು.

ಮೇಷ್ಟ್ರ ಮಾತನ್ನು ನಾನು ಪಾಲಿಸಲಿಲ್ಲ. ಅಟ್ಟದ ಕೊಳಗ, ಸೇರು ಎಲ್ಲವೂ ಗುಜರಿಗೆ ಹೋದವು. ಅದಕ್ಕೇ ಈ ಸುವರ್ಣ ಮಹೋತ್ಸವದಲ್ಲಿ ಊರವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಹೆಂಚಿನ ಕೊಠಡಿಗಳನ್ನು ಕೆಡವುವ ಮಾತು ಕೇಳಿಬರುತ್ತಿದೆ. ಒಂದನ್ನಾದರೂ ಉಳಿಸೋಣ. ಒಡೆದ ಹೆಂಚು ಬದಲಿಸಿ, ಮನೆಮನೆಯಲ್ಲಿ ಉಳಿದಿರುವ ಹಳೆಯ ವಸ್ತುಗಳನ್ನು ಅಲ್ಲಿ ಇಡೋಣ. ಮೊದಲ ವರ್ಷದ ಹೆಂಚಿನ ಖರ್ಚು ನನ್ನದು.