ಕಾಯದೆ ಕೊಂಡ ಕಲ್ಲಚ್ಚು

ನಮ್ಮ ಹೆಬ್ರಿಯಲ್ಲಿ ಗಣಕಯಂತ್ರ ಕೊಂಡವರು, ತಿಂಗಳೊಳಗೆ ಅದಕ್ಕಿಂತ ಮೇಲಾದದ್ದು ಬಂದಿತೆಂದು ಪರಿತಪಿಸುವಾಗ ನನಗೆ ಮಂಗಳೂರಿನ ಕಲ್ಲಚ್ಚು ನೆನಪಾಗುತ್ತದೆ. 1841ರಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆಯವರು ಅದನ್ನು ಮುಂಬಯಿಯಿಂದ ತಂದರು. ಜೊತೆಗೆ ಇಬ್ಬರು ಮರಾಠಿ ಕೆಲಸಗಾರರೂ ಬಂದರು. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಅಕ್ಷರ ಮೂಡಿಸಿ, ಎಣ್ಣೆಗೂ ನೀರಿಗೂ ಇರುವ ವೈರದಿಂದಲೇ ಮುದ್ರಿಸುವ ವಿಧಾನವದು. ನಮ್ಮ ಒತ್ತಕ್ಷರಗಳಿಗೆ ಮೊಳೆ ಹೊಂದಿಸುವ ತಾಪತ್ರಯವಿಲ್ಲ. ಕೈಬರಹ ಬಲ್ಲವನಿದ್ದರೆ ಸಾಕು.

ಹತ್ತೇ ವರ್ಷಗಳಲ್ಲಿ, 1851ರಲ್ಲಿ, ಮಂಗಳೂರಿಗೆ ಮೊಳೆಯಚ್ಚು ಬಂದಿತು. ಹಾಗಾದರೆ ಕಾಯಬೇಕಿತ್ತೆ? ನಾನಂತೂ ಒಪ್ಪಲಾರೆ. ಆ ನಡುವೆಯೇ, 1843ರ ಜುಲೈ 1ರಂದು, ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಆ ಕಲ್ಲಿನಿಂದ ಹೊರಬಂದಿತು. 1850ರಲ್ಲಿ ದಾಸರ ಪದಗಳೂ ಬಂದವು. ಪತ್ರಿಕೆ ಮಾತ್ರ 1844ರಲ್ಲೇ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಮೊಳೆಯಚ್ಚನ್ನು ಕಂಡಿತು.