ಅಮ್ಮನ ದೊಡ್ಡಪತ್ರೆ ಮತ್ತು ನೇರಳೆ ದೀಪದ ಚರಿತ್ರೆ

ಅಮ್ಮ ಊರಿಂದ ತಂದುಕೊಟ್ಟಿದ್ದ ದೊಡ್ಡಪತ್ರೆ ಎರಡೇ ತಿಂಗಳಿಗೆ ಸೊರಗಿ ಹೋಯ್ತು. ನಮ್ಮ ಬಾಡಿಗೆ ಮನೆಯ ಕಿಟಕಿಗೆ ಅಡ್ಡವಾಗಿ ಇನ್ನೊಂದು ಅಪಾರ್ಟ್‌ಮೆಂಟು, ಬಿಸಿಲು ಬರೋದು ಅರ್ಧ ಗಂಟೆ. "ಗಿಡಕ್ಕೂ ನಿನ್ನ ಹಾಗೇ ಬಿಸಿಲು ಕಾಣದ ಬಾಳು ಮಾಡಿಟ್ಟೆಯಲ್ಲೋ" ಅಂದಳು ಅಮ್ಮ. ರೋಷ ಬಂದು ಆನ್‌ಲೈನಿನಲ್ಲಿ ನೇರಳೆ ಬಣ್ಣದ ಗ್ರೋ ಲೈಟ್ ತರಿಸಿದೆ. ಹಚ್ಚಿದರೆ ಮನೆ ಥೇಟ್ ಕಂಪನಿ ನಾಟಕದ ಯಮಲೋಕ! ಸರಿ, ಗಿಡಕ್ಕೆ ನೇರಳೆಯೇ ಯಾಕೆ ಅಂತ ಹುಡುಕುತ್ತಾ ಹೋದವನು 1880ಕ್ಕೆ ಹೋಗಿ ನಿಂತೆ.

ಆ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಿಲಿಯಂ ಸೀಮೆನ್ಸ್ (ಹೌದು, ಅದೇ ಸೀಮೆನ್ಸ್ ಮನೆತನ) ಮೊಗ್ಗು ಬಿಟ್ಟಿದ್ದ ಟ್ಯುಲಿಪ್ ಕುಂಡವೊಂದನ್ನು ವಿದ್ಯುತ್ ದೀಪದ ಎದುರು ಇಟ್ಟ. ಸುಮಾರು 40 ನಿಮಿಷದಲ್ಲಿ ಹೂ ಅರಳಿತು. ಅವನದು ಕಾರ್ಬನ್ ಆರ್ಕ್ ದೀಪ. ಎರಡು ಇದ್ದಿಲು ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಕು ಪಡೆಯೋದು, ಅದಕ್ಕೊಂದು ಡೈನಮೋ, ಡೈನಮೋ ತಿರುಗಿಸಲಿಕ್ಕೆ ಎಂಜಿನ್ನು! ಆಮೇಲೆ ತನ್ನ ಗಾಜಿನ ಮನೆಯೊಳಗೇ ದೀಪ ಹಚ್ಚಿದಾಗ ಎಲೆಗಳು ಸುಟ್ಟವು. ನಡುವೆ ಒಂದು ತೆಳು ಗಾಜು ಇಟ್ಟ ಮೇಲೆ ಚೇತರಿಸಿಕೊಂಡವು. ಕಣ್ಣಿಗೆ ಕಾಣದ ಕಿರಣವನ್ನು ಗಾಜು ತಡೆದಿತ್ತು. ದುಡ್ಡಿದ್ದವರ ಆಟ ಬಿಡಿ. ಅಮೆರಿಕದ ಕಾರ್ನೆಲ್‌ನಲ್ಲಿ ಬೈಲಿ 1891ರಲ್ಲಿ ಲೆಟ್ಯೂಸ್ ಸೊಪ್ಪಿನ ಮೇಲೆ ಇಂಥದೇ ಪ್ರಯೋಗ ಪ್ರಕಟಿಸಿದ.

1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಇನ್ನೊಂದು ಗುಟ್ಟು ಬಿಚ್ಚಿದರು: ಗಿಡ ಹಗಲು-ರಾತ್ರಿಯ ಉದ್ದ ನೋಡಿ ಹೂ ಬಿಡುತ್ತದೆ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಸಾಲು ಬಲ್ಬು ಉರಿಯೋದು ಇದಕ್ಕೇ. ಗಿಡ ಬೆಳೆಯುವ ತನಕ ಹೂ ತಡೆಯುವ ಉಪಾಯ. ಅಲ್ಲಿ ಮಂದ ಬೆಳಕೂ ಸಾಕು, ಯಾಕೆಂದರೆ ಊಟ ಹಾಕೋದು ಸೂರ್ಯನೇ.

ಬಡವರ ಪಾಲಿಗೆ ಬಂದಿದ್ದು 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು. ಬಿಸಿ ಕಮ್ಮಿ, ಗಿಡದ ಹತ್ತಿರಕ್ಕೇ ಇಳಿಸಬಹುದು. 60ರ ದಶಕದಲ್ಲಿ ಸಿಲ್ವೇನಿಯಾ ಕಂಪನಿ ಕೆಂಪು-ನೀಲಿ ಹೆಚ್ಚಿರುವ ಗ್ರೋ-ಲಕ್ಸ್ ಟ್ಯೂಬು ಮಾರಿತು. ನಮ್ಮ ನೇರಳೆಯ ಅಜ್ಜ ಇವನೇ! ಪತ್ರಹರಿತ್ತು ಹೆಚ್ಚು ಹೀರೋದು ಕೆಂಪು-ನೀಲಿ ತಾನೇ, ಹಸಿರು ದಂಡ ಅನ್ನೋದು ವಾದ. ಆದರೆ 1972ರಲ್ಲಿ ಮೆಕ್ರೀ 22 ಜಾತಿಯ ಬೆಳೆಗಳ ಎಲೆಗಳನ್ನೇ ಅಳೆದು ತೋರಿಸಿದ: ಎಲೆ ಹಸಿರು ಬೆಳಕನ್ನೂ ಚೆನ್ನಾಗೇ ಬಳಸುತ್ತದೆ. 90ರ ದಶಕದಲ್ಲಿ ಎಲ್‌ಇಡಿ ಬಂದಾಗ ಮೊದಲು ಸಿಕ್ಕಿದ್ದು ಕೆಂಪು, 1993ರಲ್ಲಿ ನಕಮುರಾನ ಪ್ರಖರ ನೀಲಿ. ಎರಡೂ ಸೇರಿ ಮತ್ತೆ ನೇರಳೆ. ತಮಾಷೆ ಅಂದರೆ ಅದೇ ನೀಲಿ ಎಲ್‌ಇಡಿಗೆ ಫಾಸ್ಫರ್ ಬಳಿದರೆ ಬಿಳಿ ದೀಪ. ಅದರಲ್ಲಿ ನೀಲಿ, ಹಸಿರು, ಕೆಂಪು ಎಲ್ಲಾ ಇದೆ, ಮತ್ತು ಅದು ಮೂಲೆ ಅಂಗಡಿಯಲ್ಲೂ ಸಿಗುತ್ತೆ!

ನನ್ನ ನೇರಳೆ ದೀಪದ ಡಬ್ಬದ ಮೇಲೆ ನೂರಾರು ವ್ಯಾಟ್ ಅಂತಿತ್ತು. ಮೀಟರ್ ಹಾಕಿ ನೋಡಿದರೆ ಹತ್ತೂ ಇಲ್ಲ. ವಾಪಸ್ ಕಳಿಸಿ 20 ವ್ಯಾಟಿನ ಎರಡು ಬಿಳಿ ಎಲ್‌ಇಡಿ ಟ್ಯೂಬು ತಂದು, ಗಿಡದಿಂದ ಒಂದು ಗೇಣು ಮೇಲೆ ತೂಗುಹಾಕಿದೆ. ದಿನಕ್ಕೆ 14 ಗಂಟೆ, ಅಂದರೆ ತಿಂಗಳಿಗೆ ಸುಮಾರು 17 ಯೂನಿಟ್. ಕೊಳ್ಳುವಾಗ ಒಂದು ನೆನಪಿಡಿ, ಲ್ಯೂಮೆನ್ ಅನ್ನೋದು ಮನುಷ್ಯನ ಕಣ್ಣಿನ ಲೆಕ್ಕ. ಬಿಳಿ ದೀಪ-ಬಿಳಿ ದೀಪ ಹೋಲಿಸೋಕೆ ಪರವಾಗಿಲ್ಲ, ನೇರಳೆಗೆ ಬರಲ್ಲ.

ಮೆಂತ್ಯ ಸೊಪ್ಪು ಎರಡು ಸಲ ಸಾರಿಗಾಯಿತು. ದೊಡ್ಡಪತ್ರೆ ಹೊಸ ಚಿಗುರು ಬಿಟ್ಟಿದೆ. ಮೆಣಸಿನ ಗಿಡ ಮಾತ್ರ ಬರೀ ಎಲೆ ಬಿಟ್ಟುಕೊಂಡು ಕೂತಿತ್ತು, ಅದನ್ನು ಅಮ್ಮನ ಜೊತೆ ಊರಿನ ಬಿಸಿಲಿಗೆ ಕಳಿಸಿದೆ :)